ಕಾರು ನಿಂತ ಜಾಗದ ಬಾಡಿಗೆ

ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ ಟೇಪು ಹಿಡಿದು ಹೊರಗೆ ಹೋಗಿ, ನಮ್ಮ ಕಾರು ನಿಲ್ಲುವ ಜಾಗವನ್ನು ಅಳೆದೆ. ಕಾರಿನ ಉದ್ದ 13 ಅಡಿ. ಅಗಲ ಐದೂಮುಕ್ಕಾಲು. ಬಾಗಿಲು ತೆಗೆಯಲು, ಹಿಂದೆ ಮುಂದೆ ಮಾಡಿಕೊಳ್ಳಲು ಬೇಕಾದಷ್ಟು ಸೇರಿಸಿದರೆ 15ಕ್ಕೆ 7. ಅಂದರೆ 105 ಚದರ ಅಡಿ.

ಬೆಂಗಳೂರಿನ ತ್ಯಾಗರಾಜನಗರದ ನಮ್ಮ ಮನೆಗೆ ಕಾರು ನಿಲ್ಲಿಸುವ ಜಾಗವಿಲ್ಲ. ಮಾವ ಮನೆ ಕಟ್ಟಿಸಿದ ಕಾಲಕ್ಕೆ ಇದ್ದದ್ದು ಒಂದು ಸೈಕಲ್ಲು, ಆಮೇಲೆ ಒಂದು ಸ್ಕೂಟರು. ಕಾರು ಬಂದಿದ್ದು ನಾವು ಇಂಗ್ಲೆಂಡಿನಿಂದ ವಾಪಸ್ ಬಂದ ಮೇಲೆ, 2018ರಲ್ಲಿ. ಅವತ್ತಿನಿಂದ ಅದು ಗೇಟಿನ ಮುಂದೆ ರಸ್ತೆಯಲ್ಲೇ ಇದೆ. ವಾರದಲ್ಲಿ ಐದು ದಿನ ಅಲ್ಲಾಡುವುದಿಲ್ಲ. ನಾನು ಬಸ್ಸಿನಲ್ಲಿ ಆಫೀಸಿಗೆ ಹೋಗುತ್ತೇನೆ, ಮನೆಯವರು ಮೆಟ್ರೋದಲ್ಲಿ. ಕಾರು ಬೇಕಾಗುವುದು ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು, ಮತ್ತೆ ಊರಿನ ಕಡೆ ಮದುವೆ ಮುಂಜಿ ಇದ್ದಾಗ.

ನಮ್ಮ ಬೀದಿಯ ತಿರುವಿನಲ್ಲಿ ಒಂದು ಜೆರಾಕ್ಸ್ ಅಂಗಡಿ ಇದೆ. ಅದೂ ಹೆಚ್ಚುಕಮ್ಮಿ ಇಷ್ಟೇ ದೊಡ್ಡದು. ಅಂಗಡಿಯವರು ತಿಂಗಳಿಗೆ 9,000 ಬಾಡಿಗೆ ಕಟ್ಟುತ್ತಾರೆ. ಅದರ ಪಕ್ಕ ಫುಟ್‌ಪಾತಿನ ಮೇಲೆ ಒಬ್ಬ ಅಜ್ಜಿ ಹೂವು ಮಾರುತ್ತಾರೆ. ಅವರ ಬುಟ್ಟಿ, ಕೂರುವ ಮಣೆ, ನೀರಿನ ಬಕೆಟ್ಟು ಎಲ್ಲ ಸೇರಿ ಮೂರು ಅಡಿಗೆ ಮೂರು ಅಡಿ. ದಿನಾ ಸಂಜೆ ಒಬ್ಬ ಬಂದು ಅವರಿಂದ 20 ರೂಪಾಯಿ ಇಸಿದುಕೊಂಡು ಹೋಗುತ್ತಾನೆ. ರಸೀದಿ ಗಿಸೀದಿ ಏನಿಲ್ಲ. ಅಜ್ಜಿ ಅದನ್ನು ‘ನೆಲದ ದುಡ್ಡು’ ಅನ್ನುತ್ತಾರೆ.

ನಮ್ಮ ಕಾರಿನ ನೆಲದ ದುಡ್ಡು ಎಷ್ಟು? ಸೊನ್ನೆ. ಇಷ್ಟು ವರ್ಷದಲ್ಲಿ ಒಂದು ರೂಪಾಯಿ ಕಟ್ಟಿಲ್ಲ. ರಸ್ತೆ ತೆರಿಗೆ ಕಟ್ಟಿದ್ದೀವಲ್ಲ ಅಂತ ಮನೆಯವರು ಹೇಳಿದರು. ಆದರೆ ರಸ್ತೆ ತೆರಿಗೆ ರಸ್ತೆಯಲ್ಲಿ ಓಡಾಡುವುದಕ್ಕೆ. ಅದೇ ಜಾಗದಲ್ಲಿ ವರ್ಷಗಟ್ಟಲೆ ಬೀಡುಬಿಡುವುದಕ್ಕೆ ಅಲ್ಲ.

ಟೇಪು ಯಾಕೆ ಹಿಡಿದೆ ಅಂತ ಹೇಳಬೇಕು. ಅದಕ್ಕೆ ಎರಡು ದಿನ ಮೊದಲು, ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ, ನೆಟ್ಟಕಲ್ಲಪ್ಪ ಸರ್ಕಲ್ ಹತ್ತಿರ ಬಸ್ಸಿಗೆ ಕಾಯುತ್ತಿದ್ದೆ. ಸ್ಟಾಪಿನ ಮುಂದೆ ಸಾಲಾಗಿ ನಾಲ್ಕು ಕಾರು. ಬಸ್ಸು ಬಂತು, ಪಕ್ಕಕ್ಕೆ ಬರಲು ಜಾಗವಿಲ್ಲ, ನಡುರಸ್ತೆಯಲ್ಲೇ ನಿಂತಿತು. ನಾವೆಲ್ಲ ಎರಡು ಕಾರಿನ ಸಂದಿಯಲ್ಲಿ ಒಬ್ಬರ ಹಿಂದೆ ಒಬ್ಬರು ನುಸುಳಿ ರಸ್ತೆಗೆ ಇಳಿದೆವು. ನನ್ನ ಮುಂದಿದ್ದವರು ವಯಸ್ಸಾದ ಹೆಂಗಸು, ಕೈಯಲ್ಲಿ ತರಕಾರಿ ಚೀಲ. ಅವರು ಮೆಟ್ಟಿಲ ಮೇಲೆ ಕಾಲಿಡುವಷ್ಟರಲ್ಲಿ ಬಸ್ಸಿನ ಎಡಗಡೆಯಿಂದ ಒಂದು ಬೈಕು ನುಗ್ಗಿತು. ಹ್ಯಾಂಡಲ್ ಚೀಲಕ್ಕೆ ತಗುಲಿತು. ಬದನೆಕಾಯಿ, ಟೊಮ್ಯಾಟೊ ಎಲ್ಲ ರಸ್ತೆಗೆ. ಅವರಿಗೆ ಪೆಟ್ಟಾಗಲಿಲ್ಲ, ದೇವರು ದೊಡ್ಡವನು. ಕಂಡಕ್ಟರ್ ಕೆಳಗಿಳಿದು ತರಕಾರಿ ಆಯ್ದು ಕೊಟ್ಟ. ಹಿಂದಿನಿಂದ ಹಾರ್ನ್ ಹೊಡೆಯುತ್ತಲೇ ಇದ್ದರು. ಬಸ್ಸಿನಲ್ಲಿದ್ದ ಅರವತ್ತು ಜನ, ಹಿಂದೆ ಸಿಕ್ಕಿಕೊಂಡಿದ್ದ ಎಷ್ಟೋ ಗಾಡಿ, ಎಲ್ಲ ನಿಂತಿದ್ದು ಆ ನಾಲ್ಕು ಕಾರಿನಿಂದ. ಆ ನಾಲ್ಕು ಕಾರಿನಲ್ಲಿ ಒಬ್ಬರೂ ಇರಲಿಲ್ಲ.

ಅವತ್ತು ಬಸ್ಸಿನ ಕಿಟಕಿ ಪಕ್ಕ ಕೂತಾಗ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನೆನಪಾಯಿತು.

ಮನೆಯವರ ಕೆಲಸದ ಮೇಲೆ ನಾವು ಅಲ್ಲಿಗೆ ಹೋಗಿದ್ದು 2013ರಲ್ಲಿ. ಮರುವರ್ಷ ನನಗೆ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಸಿಕ್ಕಿತು. ಪೇರೋಲ್, ಅಂದರೆ ನೌಕರರ ಸಂಬಳದ ಲೆಕ್ಕ, ನನ್ನ ಪಾಲಿಗೆ ಬಂತು. ಆ ಊರಿನಲ್ಲಿ ಒಂದು ಕಾನೂನಿದೆ. ನಗರದ ಗಡಿಯೊಳಗೆ ಯಾವುದೇ ಕಂಪನಿ ತನ್ನ ನೌಕರರ ಕಾರಿಗೆ ಜಾಗ ಕೊಟ್ಟರೆ, ಆ ಜಾಗಕ್ಕೆ ವರ್ಷಕ್ಕಿಷ್ಟು ಅಂತ ನಗರಸಭೆಗೆ ಕಟ್ಟಬೇಕು. ಜಾಗ ಕಂಪನಿಯದೇ ಆಗಿದ್ದರೂ ಸರಿ. ಹತ್ತು ಅಥವಾ ಅದಕ್ಕಿಂತ ಕಮ್ಮಿ ಜಾಗ ಇದ್ದವರಿಗೆ ಮಾಫಿ, ಹನ್ನೊಂದರಿಂದ ಶುರು. ಇದು 2012ರ ಏಪ್ರಿಲ್‌ನಿಂದ ಜಾರಿಗೆ ಬಂತು. ಮೊದಲ ವರ್ಷ ಒಂದು ಜಾಗಕ್ಕೆ 288 ಪೌಂಡ್. ನಾನು ಲೆಕ್ಕ ನೋಡುತ್ತಿದ್ದ 2015ರಲ್ಲಿ 375. 2023ರ ಹೊತ್ತಿಗೆ 500 ದಾಟಿತ್ತು. ನಾನು ಅಲ್ಲಿದ್ದಷ್ಟು ಕಾಲ ಬ್ರಿಟನ್ನಿನ ಬೇರೆ ಯಾವ ಊರೂ ಇದನ್ನು ಮಾಡಿರಲಿಲ್ಲ.

375ನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 31 ಪೌಂಡ್ 25 ಪೆನ್ಸ್. ಈ ಅಂಕಿ ನನಗೆ ಇವತ್ತಿಗೂ ಬಾಯಿಪಾಠ. ಕಟ್ಟಬೇಕಾದವರು ಕಂಪನಿಯವರು. ಆದರೆ ಅದನ್ನು ನೌಕರರ ಸಂಬಳದಲ್ಲಿ ಹಿಡಿಯುವುದೋ, ತಾವೇ ಹೊರುವುದೋ, ಅದು ಅವರವರಿಗೆ ಬಿಟ್ಟಿದ್ದು.

ನಮ್ಮ ಕಂಪನಿಯ ಅಂಗಳದಲ್ಲಿ 64 ಜಾಗ ಇತ್ತು. 2015ರ ಫೆಬ್ರವರಿಯ ಒಂದು ಮಂಗಳವಾರ ಅಂಗಳ ನೋಡಿಕೊಳ್ಳುವ ಹಿರಿಯರೊಬ್ಬರ ಜೊತೆ ನಾನೂ ಎಣಿಸಲು ಹೋದೆ. ಜಿಟಿಜಿಟಿ ಮಳೆ. ಅವರ ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಹಾಳೆ, ಮೇಲೆ ಪ್ಲಾಸ್ಟಿಕ್ ಕವರು. ಡಾಂಬರಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಂಬರು ಅರ್ಧ ಅಳಿಸಿಹೋಗಿತ್ತು. ಅವರು ಬೂಟಿನ ತುದಿಯಿಂದ ಕೆಸರು ಸರಿಸಿ ನಂಬರು ಓದುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಅಂಗವಿಕಲರ ಜಾಗ ಮೂರು, ಅದಕ್ಕೆ ಶುಲ್ಕವಿಲ್ಲ. ಗಿರಾಕಿಗಳಿಗೆ ಅಂತ ಬಿಟ್ಟದ್ದು ಆರು, ಅದಕ್ಕೂ ಇಲ್ಲ. ಉಳಿದದ್ದು 55. ಗುಣಿಸಿದರೆ 20,625 ಪೌಂಡ್.

ಆ ಮೊತ್ತ ನೋಡಿದ ಮೇಲೆ ಎಲ್ಲರೂ ಮೊದಲ ಸಲ ಅಂಗಳವನ್ನು ಸರಿಯಾಗಿ ನೋಡಿದರು. ಹಿಂದಿನ ಗೋಡೆಯ ಪಕ್ಕದ 15 ಜಾಗಕ್ಕೆ ಸರಪಳಿ ಹಾಕಿಬಿಟ್ಟರು. ಅಲ್ಲಿ ಸೈಕಲ್ ಸ್ಟ್ಯಾಂಡ್ ಬಂತು, ಊಟದ ಹೊತ್ತಿಗೆ ಕೂರಲು ಎರಡು ಬೆಂಚು ಬಂತು. 40 ಜಾಗಕ್ಕೆ ಲೈಸೆನ್ಸ್ ತೆಗೆದುಕೊಂಡೆವು. ಬಿಟ್ಟಿಯಾಗಿದ್ದಾಗ 64 ಇದ್ದರೂ ಸಾಲದು ಅಂತ ಜಗಳ ಆಗುತ್ತಿತ್ತಂತೆ. ಬೆಲೆ ಬಂದ ಮೇಲೆ 40 ಸಾಕಾಯಿತು.

ಬೈಗುಳ ಬರಲಿಲ್ಲವಾ? ಬಂತು. ಪೇಸ್ಲಿಪ್ ಹಂಚಿದ ದಿನ ನನ್ನ ಮೇಜಿನ ಮುಂದೆ ಸಾಲು ನಿಂತಿತ್ತು. ಅವರಲ್ಲಿ ಒಬ್ಬರ ಮಾತು ಮರೆಯಲು ಆಗಿಲ್ಲ. ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದವರು, ಊರಾಚೆಯ ಹಳ್ಳಿಯಿಂದ ಬರುತ್ತಿದ್ದರು. ‘ನಾನು ಮನೆಗೆ ಹೊರಡುವ ಹೊತ್ತಿಗೆ ಬಸ್ಸೂ ಇರಲ್ಲ, ಟ್ರಾಮೂ ಇರಲ್ಲ. ಹಗಲಲ್ಲಿ ಓಡಾಡುವವರ ಟ್ರಾಮಿಗೆ ನಾನು ಯಾಕೆ ಕಟ್ಟಲಿ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಹೇಳಿದ್ದು ನ್ಯಾಯ. ಆ ವಾರವೇ ಮೇಲಿನವರ ಜೊತೆ ಕೂತು ಒಂದು ಪಟ್ಟಿ ಮಾಡಿದೆವು. ಜಾಸ್ತಿ ಸಂಬಳದವರಿಗೆ ಪೂರ್ತಿ, ಕಮ್ಮಿ ಸಂಬಳದವರಿಗೆ ಅರ್ಧ, ರಾತ್ರಿ ಪಾಳಿಯವರಿಗೆ ಏನೂ ಇಲ್ಲ, ಅವರದನ್ನು ಕಂಪನಿಯೇ ಹೊರುವುದು. ನಾನು ಕೆಲಸದಲ್ಲಿ ಮಾಡಿದ್ದರಲ್ಲಿ ಹೆಮ್ಮೆ ಪಡುವ ಒಂದು ಪಟ್ಟಿ ಇದ್ದರೆ ಅದು ಇದೇ.

ಈ ದುಡ್ಡು ಹೋಗುತ್ತಿದ್ದುದು ಎಲ್ಲಿಗೆ? ಇಲ್ಲಿದೆ ನೋಡಿ ಮುಖ್ಯ ವಿಷಯ. ಬ್ರಿಟನ್ನಿನ 2000ನೇ ಇಸವಿಯ ಸಾರಿಗೆ ಕಾಯ್ದೆಯಲ್ಲೇ ಬರೆದಿದೆ, ಹೀಗೆ ಬಂದ ಹಣ ಸ್ಥಳೀಯ ಸಾರಿಗೆಗೇ ಹೋಗಬೇಕು ಅಂತ. ಬೇರೆ ಕಡೆಗೆ ತಿರುಗಿಸುವ ಹಾಗಿಲ್ಲ. ನಾಟಿಂಗ್‌ಹ್ಯಾಮ್‌ನಲ್ಲಿ ವರ್ಷಕ್ಕೆ ಸುಮಾರು 90 ಲಕ್ಷ ಪೌಂಡ್ ಬರುತ್ತಿತ್ತು. ಅದರಿಂದ ಟ್ರಾಮ್‌ನ ಎರಡನೇ ಹಂತಕ್ಕೆ ನಗರದ ಪಾಲು ಕಟ್ಟಿದರು. ದೊಡ್ಡ ಪಾಲು ಬ್ರಿಟನ್ನಿನ ಕೇಂದ್ರ ಸರ್ಕಾರದ್ದು. ಆದರೆ ಊರು ತನ್ನ ಪಾಲು ತರದೆ ಹೋಗಿದ್ದರೆ ಅದು ಬರುತ್ತಿರಲಿಲ್ಲ. ರೈಲ್ವೆ ಸ್ಟೇಷನ್ ಹೊಸದು ಮಾಡಲು ಒಂದಿಷ್ಟು ಹೋಯಿತು. ಟ್ರಾಮ್ ಹೋಗದ ಕಡೆ ಓಡುವ ಲಿಂಕ್ ಬಸ್ಸುಗಳಿಗೆ ಒಂದಿಷ್ಟು. ವಸೂಲಿಗೆ, ಊರಿನ ನಡುಭಾಗಕ್ಕೆ ಬರುವ ಕಾರಿಗೆ ಶುಲ್ಕ ಹಾಕುವ ಲಂಡನ್ನಿನಲ್ಲಿ ಇರುವ ಹಾಗೆ, ಬೀದಿಬೀದಿಗೆ ಕ್ಯಾಮೆರಾ ಬೇಕಿರಲಿಲ್ಲ. ವರ್ಷಕ್ಕೊಂದು ಅರ್ಜಿ, ಒಂದು ಬಿಲ್ಲು, ಆಗಾಗ ಬಂದು ಎಣಿಸಿ ಹೋಗುವ ಒಂದಿಬ್ಬರು.

ನಮ್ಮ ಮನೆ ಇದ್ದದ್ದು ಬೀಸ್ಟನ್‌ನಲ್ಲಿ, ಊರಿನ ಅಂಚು. ನಾವು ಹೋದಾಗ ಚಿಲ್ವೆಲ್ ರಸ್ತೆ ಪೂರ್ತಿ ಅಗೆದು ಹಾಕಿದ್ದರು. ಅಂಗಡಿಯವರು ವ್ಯಾಪಾರ ಬಿತ್ತು ಅಂತ ಬೋರ್ಡು ಬರೆದು ನೇತುಹಾಕಿದ್ದರು. ಎರಡು ವರ್ಷ ಧೂಳು, ಬ್ಯಾರಿಕೇಡು, ಸುತ್ತುದಾರಿ. 2015ರ ಆಗಸ್ಟ್ 25ರಂದು ಟ್ರಾಮ್ ಶುರುವಾಯಿತು. ಎರಡು ದಿನ ಬಿಟ್ಟು ನಾನು ಹತ್ತಿದೆ. ಮನೆಯಿಂದ ಆರು ನಿಮಿಷ ನಡೆದರೆ ಸ್ಟಾಪು. ವಿಶ್ವವಿದ್ಯಾಲಯದ ಕೆರೆಯ ಪಕ್ಕದಲ್ಲಿ ಹೋಗಿ, ಆಸ್ಪತ್ರೆಯ ಹತ್ತಿರ ಸೇತುವೆ ಏರುತ್ತದೆ. ಕ್ವೀನ್ಸ್ ಮೆಡಿಕಲ್ ಸೆಂಟರ್ ಅಂತ ದೊಡ್ಡ ಆಸ್ಪತ್ರೆ ಅದು. ಸ್ಟಾಪು ಆಸ್ಪತ್ರೆಯ ಪಕ್ಕಕ್ಕೇ ಬಂದು ನಿಲ್ಲುತ್ತದೆ. ಅವತ್ತು ನನ್ನ ಎದುರಿಗೆ ಒಬ್ಬರು ವೀಲ್‌ಚೇರಿನಲ್ಲಿದ್ದರು. ಟ್ರಾಮ್‌ನ ನೆಲವೂ ಪ್ಲಾಟ್‌ಫಾರ್ಮೂ ಒಂದೇ ಮಟ್ಟ. ಯಾರ ಸಹಾಯವೂ ಇಲ್ಲದೆ ಚಕ್ರ ತಳ್ಳಿಕೊಂಡು ಇಳಿದು ಹೋದರು. ನನ್ನ ಕೈಯಾರೆ ಹಿಡಿದ 31 ಪೌಂಡ್ 25 ಪೆನ್ಸ್ ಅಲ್ಲಿ ಎಲ್ಲೋ ಸೇರಿದೆ ಅಂತ ಅನ್ನಿಸಿ ಗಂಟಲು ತುಂಬಿ ಬಂತು.

ಎರಡನೇ ಹಂತಕ್ಕೆ ಮೊದಲು ವರ್ಷಕ್ಕೆ 80 ಲಕ್ಷದ ಆಸುಪಾಸು ಇದ್ದ ಟ್ರಾಮ್ ಪ್ರಯಾಣ, 2018-19ಕ್ಕೆ 1 ಕೋಟಿ 80 ಲಕ್ಷ ದಾಟಿತು. ಹಾಗಂತ ಆ ಊರು ಸ್ವರ್ಗವಾಗಲಿಲ್ಲ. ಸಂಜೆ ಐದಕ್ಕೆ ರಿಂಗ್ ರೋಡಿನಲ್ಲಿ ಕಾರುಗಳ ಸಾಲು ಇದ್ದೇ ಇತ್ತು. 2023ರ ನವೆಂಬರ್‌ನಲ್ಲಿ ನಗರಸಭೆ ತನ್ನ ಖರ್ಚಿಗೆ ದುಡ್ಡು ಸಾಲುತ್ತಿಲ್ಲ ಅಂತ ಅಧಿಕೃತವಾಗಿ ಕೈಚೆಲ್ಲಿತು ಕೂಡ. ಆದರೂ ಪಾರ್ಕಿಂಗ್ ದುಡ್ಡನ್ನು ಬೇರೆ ತೂತು ಮುಚ್ಚಲು ಬಳಸುವ ಹಾಗಿಲ್ಲ ಅನ್ನುವ ಕಾನೂನು ಹಾಗೇ ಇದೆ.

ಈಗ ನಮ್ಮ ಊರು. 2025ರ ಜನವರಿಯಲ್ಲಿ ಬಿಎಂಟಿಸಿ ಟಿಕೆಟ್ ದರ 15 ಪರ್ಸೆಂಟ್ ಏರಿತು. ಐದು ರೂಪಾಯಿಯ ಟಿಕೆಟ್ ಆರಾಯಿತು. ಫೆಬ್ರವರಿಯಲ್ಲಿ ಮೆಟ್ರೋ ಏರಿತು, 60 ಇದ್ದ ಗರಿಷ್ಠ ದರ 90 ಆಯಿತು. ಮನೆಯವರ ತಿಂಗಳ ಖರ್ಚಿನಲ್ಲಿ ನನಗೆ ಅದು ನೇರವಾಗಿ ಕಾಣಿಸಿತು. ದುಡ್ಡು ಸಾಲದಾದಾಗ ಬಸ್ಸಿನವರ, ರೈಲಿನವರ ಜೇಬಿಗೇ ಕೈ ಹೋಗುತ್ತದೆ. ಅದೇ ವರ್ಷ ನಮ್ಮ ಬೀದಿಯಲ್ಲಿ ನಿಂತ ಕಾರಿನ ದರ ಎಷ್ಟು ಏರಿತು? ಏರಲು ದರವೇ ಇಲ್ಲವಲ್ಲ.

ನೀತಿ ಇಲ್ಲ ಅಂತಲ್ಲ. ನಗರ ಭೂಸಾರಿಗೆ ನಿರ್ದೇಶನಾಲಯ ಮಾಡಿದ ಪಾರ್ಕಿಂಗ್ ನೀತಿ 2.0 ಅನ್ನು ಸರ್ಕಾರ 2021ರಲ್ಲೇ ಒಪ್ಪಿದೆ. ಮನೆ ಮುಂದೆ ರಸ್ತೆಯಲ್ಲಿ ನಿಲ್ಲಿಸುವ ಸಣ್ಣ ಕಾರಿಗೆ ವರ್ಷಕ್ಕೆ 1,000 ರೂಪಾಯಿ, ದೊಡ್ಡ ಗಾಡಿಗೆ 5,000 ಅಂತ ಪರ್ಮಿಟ್ ದರ ಸೂಚಿಸಿತ್ತು. ಆಗ ಎಷ್ಟು ಗಲಾಟೆ ಆಯಿತು ಅಂತ ನೆನಪಿದೆ. 1,000ವನ್ನು 365ರಿಂದ ಭಾಗಿಸಿ ನೋಡಿ. ದಿನಕ್ಕೆ ಮೂರು ರೂಪಾಯಿಯೂ ಆಗುವುದಿಲ್ಲ. ಬಸ್ಸಿನ ಅತಿ ಕಮ್ಮಿ ಟಿಕೆಟ್ಟಿನ ಅರ್ಧ. 105 ಚದರ ಅಡಿಗೆ, ಹಗಲು ರಾತ್ರಿ. ಹೂವಿನ ಅಜ್ಜಿ ಒಂಬತ್ತು ಚದರ ಅಡಿಗೆ ಕೊಡುವುದು 20. ನಮ್ಮ ಬೀದಿಗೆ ಆ ಪರ್ಮಿಟ್ ಇನ್ನೂ ಬಂದಿಲ್ಲ.

ಫ್ರೀಡಂ ಪಾರ್ಕ್ ಪಕ್ಕದ ಬಹುಮಹಡಿ ಪಾರ್ಕಿಂಗ್ ನೋಡಿ. 500ಕ್ಕೂ ಜಾಸ್ತಿ ಕಾರು ಹಿಡಿಯುತ್ತದೆ. ಕಟ್ಟಿ ಎಷ್ಟೋ ಕಾಲ ಸುಮ್ನೆ ಬಿದ್ದಿತ್ತು, ಕೊನೆಗೆ 2024ರಲ್ಲಿ ತೆರೆಯಿತು. ಹೊರಗೆ ರಸ್ತೆಯಲ್ಲಿ ಬಿಟ್ಟಿ ನಿಲ್ಲಿಸಬಹುದು ಅಂದರೆ ದುಡ್ಡು ಕೊಟ್ಟು ಒಳಗೆ ಯಾರು ಹೋಗುತ್ತಾರೆ? ಸುತ್ತಮುತ್ತಲ ರಸ್ತೆಗಳಲ್ಲಿ ನಿಲ್ಲಿಸಬೇಡಿ ಅಂತ ಪೊಲೀಸರು ನಿಲ್ಲಬೇಕಾಯಿತು.

ಲೆಕ್ಕದವಳಾಗಿ ಒಂದು ಮಾತು ಹೇಳಲೇಬೇಕು. ನಮ್ಮಂಥ ಬೀದಿಯ ಪರ್ಮಿಟ್ಟಿನಿಂದ ಬಸ್ಸು ಬರುವುದಿಲ್ಲ. ನಮ್ಮ ಅಡ್ಡರಸ್ತೆಯಲ್ಲಿ ರಾತ್ರಿ ಹತ್ತಕ್ಕೆ ಎಣಿಸಿದೆ, 63 ಕಾರು. ಎಲ್ಲರೂ ಕಟ್ಟಿದರೂ ಸಣ್ಣ ಕಾರಿನ ಲೆಕ್ಕದಲ್ಲಿ 63,000. ಬಸ್ ಸ್ಟಾಪಿಗೊಂದು ದೀಪ, ಕೂರಲು ಬೆಂಚು, ಅಷ್ಟೇ. ದುಡ್ಡಿರುವುದು ಅಂಗಡಿ ಬೀದಿಯಲ್ಲಿ ಮತ್ತು ಆಫೀಸುಗಳ ನೆಲಮಾಳಿಗೆಯಲ್ಲಿ. ಗಾಂಧಿ ಬಜಾರಿನಂಥ ಕಡೆ ಒಂದು ಕಾರಿನ ಜಾಗಕ್ಕೆ ಗಂಟೆಗೆ 20 ರೂಪಾಯಿ ಅಂದುಕೊಳ್ಳಿ. ದಿನಕ್ಕೆ ಹತ್ತು ಗಂಟೆ, ವರ್ಷಕ್ಕೆ 300 ದಿನ. ಒಂದೇ ಜಾಗದಿಂದ 60,000. ನಮ್ಮ ಇಡೀ ಬೀದಿಯ ಹತ್ತಿರಕ್ಕೆ ಬಂತು. ಇನ್ನು ಹೊರವರ್ತುಲ ರಸ್ತೆಯ ಟೆಕ್ ಪಾರ್ಕುಗಳು. ಊರಿನಲ್ಲಿ ಅಂಥ ಒಂದು ಲಕ್ಷ ಜಾಗಕ್ಕೆ ತಿಂಗಳಿಗೆ 1,000 ರೂಪಾಯಿ ಹಾಕಿದರೆ ವರ್ಷಕ್ಕೆ 120 ಕೋಟಿ. ಪ್ರತಿ ವರ್ಷ, ತಪ್ಪದೆ. ಕೋನಪ್ಪನ ಅಗ್ರಹಾರದ ಮೆಟ್ರೋ ನಿಲ್ದಾಣಕ್ಕೆ ಇನ್ಫೋಸಿಸ್ ಫೌಂಡೇಶನ್ ಹಣ ಕೊಟ್ಟಿತು, ಒಳ್ಳೆಯ ಕೆಲಸ. ಆದರೆ ದಾನ ಒಂದು ಸಲ ಬರುತ್ತದೆ. ಬಸ್ಸಿಗೆ ಡೀಸೆಲ್, ಡ್ರೈವರ್ ಸಂಬಳ ಪ್ರತಿ ತಿಂಗಳು ಬೇಕು.

ಶಕ್ತಿ ಯೋಜನೆ ಇದೆಯಲ್ಲ, ಹೆಂಗಸರಿಗೆ ಬಸ್ಸು ಫ್ರೀ, ಇನ್ನೇನು ಬೇಕು ಅಂತ ಗೆಳತಿ ಕೇಳಿದಳು. 2023ರ ಜೂನ್‌ನಿಂದ ನಾನೂ ಅದರಲ್ಲೇ ಓಡಾಡುತ್ತಿದ್ದೇನೆ, ಅದರ ಬೆಲೆ ನನಗೆ ಗೊತ್ತು. ಮನೆಗೆಲಸಕ್ಕೆ ಬರುವ ನಮ್ಮ ಪದ್ಮಕ್ಕ ಈಗ ಎರಡು ಮನೆ ಜಾಸ್ತಿ ಹಿಡಿದಿದ್ದಾರೆ, ಬಸ್ಸಿನ ದುಡ್ಡು ಉಳಿಯುತ್ತದೆ ಅಂತ. ಆದರೆ ಟಿಕೆಟ್ ಫ್ರೀ ಆದರೆ ಸಾಲದು, ಬಸ್ಸೂ ಬರಬೇಕು. ಸಂಜೆ ಏಳರ ಮೇಲೆ ಪದ್ಮಕ್ಕ ಎಷ್ಟೋ ದಿನ ಮುಕ್ಕಾಲು ಗಂಟೆ ಕಾಯುತ್ತಾರೆ. ಬಂದ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಇದನ್ನೆಲ್ಲ ಬರೆದುಕೊಂಡು ಹೋದ ಭಾನುವಾರ ನಮ್ಮ ಬೀದಿಯವರ ಸಭೆಗೆ ಹೋದೆ. ಗಣೇಶನ ಗುಡಿಯ ಪಕ್ಕದ ಹಾಲಿನಲ್ಲಿ, ಇಪ್ಪತ್ತೈದು ಜನ ಇದ್ದರು. ನಮ್ಮ ಬೀದಿಗೆ ಪರ್ಮಿಟ್ ತನ್ನಿ, ಬಸ್ ಸ್ಟಾಪಿನ ಮುಂದಿನ 30 ಅಡಿಯಲ್ಲಿ ಯಾರೂ ಗಾಡಿ ನಿಲ್ಲಿಸದ ಹಾಗೆ ಮಾಡಿ, ಪಾರ್ಕಿಂಗ್‌ನಿಂದ ಬಂದ ದುಡ್ಡಿಗೆ ಬೇರೆ ಖಾತೆ ತೆಗೆದು ವರ್ಷಕ್ಕೊಮ್ಮೆ ಲೆಕ್ಕ ಸ್ಟಾಪಿನಲ್ಲೇ ಅಂಟಿಸಿ ಅಂತ ಪಾಲಿಕೆ ಕಚೇರಿಗೆ ಒಂದು ಅರ್ಜಿ. ಓದಿ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ‘ನಮ್ಮ ಮನೆ ಮುಂದೆ ನಿಲ್ಲಿಸೋಕೂ ದುಡ್ಡಾ?’ ಅಂದರು ಒಬ್ಬರು. ಮನೆ ಅವರದು, ರಸ್ತೆ ಎಲ್ಲರದು ಅಂದೆ. ಬಾಡಿಗೆ ಮನೆಯ ಹುಡುಗನೊಬ್ಬ ತಾನು ರಾತ್ರಿ ಕ್ಯಾಬ್ ಓಡಿಸುತ್ತೇನೆ, ಅದೇ ಹೊಟ್ಟೆಪಾಡು ಅಂದ. ಗೋದಾಮಿನ ಆ ರಾತ್ರಿ ಪಾಳಿಯವರು ಕಣ್ಣ ಮುಂದೆ ಬಂದರು. ಕ್ಯಾಬ್, ಆಟೋದವರಿಗೆ ಮಾಫಿ ಅಂತ ಅಲ್ಲೇ ಒಂದು ಸಾಲು ಸೇರಿಸಿದೆ.

ಕೊನೆಯಲ್ಲಿ ಎದುರುಮನೆಯ ಅಂಕಲ್ ಎದ್ದರು. ಬ್ಯಾಂಕಿನಿಂದ ರಿಟೈರ್ ಆದವರು, ಎರಡು ಕಾರು, ಎರಡೂ ರಸ್ತೆಯಲ್ಲೇ. ‘ದುಡ್ಡು ಕೊಡೋದು ಕಷ್ಟ ಅಲ್ಲಮ್ಮ. ಕೊಟ್ಟ ಮೇಲೆ ಅದು ಎಲ್ಲಿ ಹೋಗುತ್ತೆ ಅಂತ ಯಾರು ನೋಡ್ತಾರೆ?’ ಅಂದರು. ಅದಕ್ಕೇ ಬೇರೆ ಖಾತೆ ಕೇಳಿದ್ದೀನಿ ಅಂಕಲ್, ಲೆಕ್ಕ ಅಂಟಿಸಿದರೆ ನೀವೂ ನಾನೂ ಹೋಗಿ ಓದೋಣ ಅಂದೆ. ಅವರು ಅರ್ಜಿ ತೆಗೆದುಕೊಂಡು ಕನ್ನಡಕ ಏರಿಸಿ ಮತ್ತೊಮ್ಮೆ ಪೂರ್ತಿ ಓದಿದರು. ಜೇಬಿನಿಂದ ಪೆನ್ನು ತೆಗೆದು, ಸಹಿಯ ಜಾಗದ ಮೇಲೆ ದಪ್ಪ ಅಕ್ಷರದಲ್ಲಿ ‘ಹಣ ಬಸ್ಸಿಗೇ ಬರಬೇಕು ಎಂಬ ಷರತ್ತಿನ ಮೇಲೆ’ ಅಂತ ಬರೆದು, ಅದರ ಕೆಳಗೆ ಸಹಿ ಹಾಕಿದರು.

ಅವರ ಹಿಂದೆ ಹದಿನಾರು ಜನ ಹಾಕಿದರು. ನಮ್ಮ ಮನೆಯವರೂ ಹಾಕಿದರು. ಅರ್ಜಿಯನ್ನು ಸೋಮವಾರ ಪಾಲಿಕೆ ಕಚೇರಿಗೆ ಕೊಟ್ಟು, ನನ್ನ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬಂದಿದ್ದೇನೆ.